ಇರುವೆಯ ಲೆಕ್ಕ, ಆನೆಯ ಹೆಜ್ಜೆ

ಪ್ರವಾಹಕ್ಕೆ ಕಾಡಿನ ಸೇತುವೆ ಕೊಚ್ಚಿಹೋಗಿ, ಆನೆಯ ಮರಿ ಹೊಳೆಯಾಚೆ ಒಂಟಿಯಾಗಿ ಉಳಿಯಿತು. ಕೋತಿಗಳು ಬಳ್ಳಿ ಹೊಸೆದು ಹೊಸ ಸೇತುವೆ ಕಟ್ಟಿದವು. ಆನೆಯ ಭಾರಕ್ಕೆ ಎಷ್ಟು ಬಳ್ಳಿ ಬೇಕೆಂದು ಲೆಕ್ಕ ಹಾಕಿಕೊಟ್ಟದ್ದು ಇರುವೆ. ಅದು ಬಂಡೆಯ ಮೇಲಿನ ಲೆಕ್ಕವನ್ನು ಮೂರು ಸಲ ತಾಳೆ ನೋಡಿ, ಕೆಳಗೆ “ಮ್ಯಾಥ್ಸ್ ಕರೆಕ್ಟ್” ಎಂದು ಬರೆಯಿತು.

ಕಾಡಿನ ಲಿಪಿಕಾರನಾದ ಗಿಳಿ ಮೂಗು ಮುರಿಯಿತು. “ಇಂಥ ಬೀದಿ ಇಂಗ್ಲಿಷು ಬರವಣಿಗೆಗೆ ಸಲ್ಲದು. ‘ಗಣನೆಯು ದೋಷರಹಿತವಾಗಿದೆ’ ಎನ್ನಬೇಕು.”

“ಹಾಗೆಯೇ ತಿದ್ದಿರಿ, ಗಿಳಿಯಣ್ಣ. ತಿದ್ದುವ ಮೊದಲು ನೀವೂ ಒಮ್ಮೆ ಕೂಡಿ ನೋಡಿ,” ಎಂದಿತು ಇರುವೆ.

“ನನಗೆ ಲೆಕ್ಕ ಬಾರದು.”

ಆನೆ ಕೇಳಿತು: “ನಾನು ದಾಟುವಾಗ ನನ್ನೊಡನೆ ಸೇತುವೆಯ ಮೇಲೆ ಯಾರು ನಡೆಯುತ್ತೀರಿ?”

ಗಿಳಿ ಹಾರಿ ಮರ ಸೇರಿತು. ಇರುವೆ ಮಾತ್ರ ಆನೆಯ ಪಾದಕ್ಕಿಂತ ಒಂದು ಗೇಣು ಮುಂದೆ ಹೊರಟಿತು. ಕೆಳಗೆ ಕೆಂಪು ನೀರು ಮೊರೆಯುತ್ತಿತ್ತು. ಬಳ್ಳಿಗಳು ನರಳಿದವು, ಬಾಗಿದವು, ಒಂದೂ ಹರಿಯಲಿಲ್ಲ. ಬೆಟ್ಟವೊಂದು ಗಾಳಿಯಲ್ಲಿ ನಡೆದುಹೋಗುತ್ತಿರುವಂತೆ ಕಂಡು ಕಾಡೆಲ್ಲ ಉಸಿರು ಬಿಗಿಹಿಡಿಯಿತು. ಆಚೆ ದಡದಲ್ಲಿ ಮರಿ ಓಡಿಬಂದು ತಾಯಿಯ ಹೊಟ್ಟೆಯಡಿ ನುಗ್ಗಿತು.

ಗಿಳಿ ಇಳಿದು ಬಂದು ಇರುವೆಯ ಮುಂದೆ ತಲೆ ಬಾಗಿಸಿತು. “ಇರುವೆಯಕ್ಕ, ನನಗೆ ಒಂದು, ಎರಡರಿಂದ ಕಲಿಸುವಿರಾ?”