ಪಾಳೇಗಾರನ ಅರ್ಧ ಮೀಸೆ

ಕೇಳಿ ಮಕ್ಕಳೇ, ಮೋಡಕ್ಕೆ ತಲೆ ತಗಲುವಷ್ಟು ಎತ್ತರದ ಬೆಟ್ಟಗಳ ನಡುವೆ ಒಂದು ರಾಜ್ಯವಿತ್ತು. ಅಲ್ಲಿನ ರಾಣಿಗೆ ದಿನ ತುಂಬಿತ್ತು. ಇಡೀ ರಾಜ್ಯಕ್ಕೆ ಒಬ್ಬಳೇ ಸೂಲಗಿತ್ತಿ, ಸಂಕವ್ವ. ಅವಳನ್ನೇ ಪಕ್ಕದ ಕೋಟೆಯ ಪಾಳೇಗಾರ ಉದ್ದಂಡ ಹೊತ್ತೊಯ್ದುಬಿಟ್ಟ.

"ಹೊಳೆಯಾಚೆಯ ಹೊಲವೆಲ್ಲ ನನಗೆ ಬಿಟ್ಟುಕೊಡು, ಮುದುಕಿಯನ್ನು ಕಳಿಸ್ತೀನಿ" ಅಂತ ರಾಜನಿಗೆ ಹೇಳಿಕಳಿಸಿದ.

ರಾಜ ಆನೆಪಡೆ ಕಳಿಸಿದ. ನಗಾರಿ ಕೇಳಿತು, ಉದ್ದಂಡ ಬಾಗಿಲು ಹಾಕಿಸಿದ. ರಾಜ ಕುದುರೆಪಡೆ ಕಳಿಸಿದ. ಧೂಳು ಕಂಡಿತು, ಉದ್ದಂಡ ಬಾಗಿಲು ಹಾಕಿಸಿದ.

ಕೊನೆಗೆ ರಾಜ ಗುಪ್ತಪಡೆಯನ್ನು ಕರೆಸಿದ. ಅದಕ್ಕೆ ಬಾವುಟವಿಲ್ಲ, ಕಹಳೆಯಿಲ್ಲ. ಮುಖಂಡ ಬೊಮ್ಮಣ್ಣ.

"ಎಷ್ಟು ಈಟಿ ಬೇಕಯ್ಯಾ?"

"ಈಟಿ ಬೇಡ ಸ್ವಾಮಿ. ಕ್ಷೌರದ ಪೆಟ್ಟಿಗೆ ಕೊಡಿಸಿ."

ಮಟಮಟ ಮಧ್ಯಾಹ್ನ ಬೊಮ್ಮಣ್ಣನೂ ಅವನ ಪಡೆಯವರೂ ಕ್ಷೌರಿಕರ ವೇಷದಲ್ಲಿ ಉದ್ದಂಡನ ಕೋಟೆಗೆ ಹೋದರು. ಬಾಗಿಲು ತೆರೆದೇ ಇತ್ತು.

"ಎರಡು ಪಡೆ ಓಡಿಸಿದ ನಾಯಕರಿಗೆ ಇಂಥ ಕುರುಚಲು ಗಡ್ಡವೇ?" ಅಂದ ಬೊಮ್ಮಣ್ಣ.

ಉದ್ದಂಡ ಉಬ್ಬಿಹೋದ. "ಗಡ್ಡ ಕೆರೆಯೋ! ಮೀಸೆ ಮುಟ್ಟಿದರೆ ಮಾತ್ರ ತಲೆ ತೆಗೀತೀನಿ." ನಾಯಕ ಕೂತ ಅಂತ ಕಾವಲಿನವರೂ ಬಂದು ಸಾಲಾಗಿ ಕೂತರು.

ಎಲ್ಲರ ಮುಖಕ್ಕೂ ಅಂಟುವಾಳದ ನೊರೆ. "ಹೇಳೋವರೆಗೂ ಕಣ್ಣು ಬಿಡಬೇಡಿ, ಉರಿದುಹೋಗುತ್ತೆ!" ಅಂದ ಬೊಮ್ಮಣ್ಣ.

ಎಲ್ಲರೂ ಕಣ್ಣು ಮುಚ್ಚಿದರು. ಗುಪ್ತಪಡೆಯವನೊಬ್ಬ ಮೆಲ್ಲಗೆ ಹೋಗಿ ಸಂಕವ್ವನ ಕೋಣೆಯ ಅಗುಳಿ ತೆಗೆದ.

"ಬೇಗ ಬಾ ಅಜ್ಜಿ."

"ಹೊತ್ಕೊಳೋ ಮತ್ತೆ! ನನ್ನ ಮಂಡಿ ನಿನ್ನ ಅವಸರ ಕೇಳುತ್ತಾ?"

ಇತ್ತ ಮಾರನೆಂಬ ಸೈನಿಕನ ಕೈಯ ಕ್ಷೌರದ ಕತ್ತಿ ಉದ್ದಂಡನ ಗಂಟಲ ಮೇಲೆ ನಿಂತಿತು. 'ಮುಗಿಸಲಾ?' ಅಂತ ಕಣ್ಣಲ್ಲೇ ಕೇಳಿದ. ಬೊಮ್ಮಣ್ಣ ಬೇಡವೆಂದು ತಲೆಯಾಡಿಸಿ, ಮೀಸೆಯ ಕಡೆ ಬೆರಳು ತೋರಿಸಿದ. ಮಾರ ಸರ್ರನೆ ಒಂದು ಕಡೆಯದನ್ನು ಬೋಳಿಸಿಬಿಟ್ಟ.

ಉದ್ದಂಡ ಕಣ್ಣು ಬಿಟ್ಟಾಗ ಕ್ಷೌರಿಕರೂ ಇಲ್ಲ, ಅಜ್ಜಿಯೂ ಇಲ್ಲ.

"ಹಿಡೀರೋ ಅವರನ್ನ!" ಅಂದ. ಕಾವಲಿನವರು ಅವನ ಮುಖ ನೋಡಿ ಕಿಸಕ್ಕನೆ ನಕ್ಕರು. ಕೈ ಮೂಗಿನ ಕೆಳಗೆ ಹೋಯಿತು. ಬೆನ್ನಟ್ಟಿ ಹೋದರೆ ಊರೆಲ್ಲ ಈ ಮುಖ ನೋಡುತ್ತದೆ!

"ಇಲ್ಲಿಗೆ ಯಾರೂ ಬರಲಿಲ್ಲ, ಯಾರೂ ಹೋಗಲಿಲ್ಲ, ತಿಳೀತಾ?" ಅಂತ ಗದರಿಸಿ ಬಾಗಿಲು ಹಾಕಿಕೊಂಡ. ಈ ಸಲ ತನ್ನ ಕೋಣೆಯದು.

ಅತ್ತ ಸಂಕವ್ವ ಅರಮನೆಗೆ ಬಂದ ಗಳಿಗೆಯಲ್ಲೇ ರಾಣಿ ಹೆಣ್ಣುಮಗು ಹೆತ್ತಳು. ರಾಜ ಕುಣಿದಾಡಿಬಿಟ್ಟ. "ಬೊಮ್ಮಣ್ಣಾ, ನಿಮಗೆಲ್ಲ ಆನೆ ಮೇಲೆ ಮೆರವಣಿಗೆ!"

"ಬೇಡ ಸ್ವಾಮಿ. ಮುಖ ಗುರುತು ಸಿಕ್ಕರೆ ಮುಂದಿನ ಸಲ ನಮಗೆ ಬಾಗಿಲು ತೆರೆಯೋರು ಯಾರು? ಮಗು ತೋರಿಸಿ, ಸಾಕು."

ಮಗುವನ್ನು ನೋಡಿದರು. ಅಡುಗೆಮನೆಯ ಹಿತ್ತಲ ಬಾಗಿಲಿಂದ ಹೊರಟುಹೋದರು.

ನೋಡಿ ಮಕ್ಕಳೇ, ಮೆರೆಯುವವನನ್ನು ಅವನ ಹೆಮ್ಮೆಯೇ ಹಿಡಿದುಕೊಡುತ್ತದೆ. ನಿಜವಾದ ಶೂರ ಬಂದ ಕೆಲಸ ಮುಗಿಸಿ ಸುಮ್ಮನೆ ಮನೆಗೆ ಹೋಗುತ್ತಾನೆ. ಏಳಿ, ನೀವೂ ಹೊರಡಿ.