ಮೂರನೆಯ ಕಾಯಿಲ್‌ನ ದೂರು

ಪಿಕಪ್ ಗಾಡಿಯ ಮೂರನೆಯ ಸಿಲಿಂಡರಿಗೆ ಕಿಡಿ ಒದಗಿಸಬೇಕಾದ ಇಗ್ನಿಷನ್ ಕಾಯಿಲ್ ಕೆಲಸ ತಪ್ಪಿಸುತ್ತಿತ್ತು. ಎಂಜಿನ್ ಕುಂಟಿತು. ಕೆಟ್ಟದ್ದನ್ನು ಕಿತ್ತೆಸೆಯಲು ಯಜಮಾನ ಸಿರಿಲ್ ಮನೆಯಂಗಳದಲ್ಲೇ ಬಾನೆಟ್ ಎತ್ತಿದ.

"ದೋಷ ನನ್ನದಲ್ಲ," ಎಂದು ಕಾಯಿಲ್ ಕೂಗಿತು. "ಈ ಸಿಲಿಂಡರಿನ ಸಹವಾಸದಿಂದ ಕೆಟ್ಟೆ. ಮೊದಲನೆಯದರ ಮೇಲೆ ಕೂರಿಸಿ, ನನ್ನ ಯೋಗ್ಯತೆ ತೋರಿಸುತ್ತೇನೆ!"

ಪರೀಕ್ಷಿಸಲೆಂದು ಸಿರಿಲ್ ಆ ಎರಡು ಸಿಲಿಂಡರುಗಳ ಕಾಯಿಲ್‌ಗಳನ್ನು ಅದಲುಬದಲು ಮಾಡಿ ಗಾಡಿ ಸ್ಟಾರ್ಟ್ ಮಾಡಿದ. ಮೂರನೆಯ ಸಿಲಿಂಡರ್ ಸೊಗಸಾಗಿ ದುಡಿಯಿತು, ಮೊದಲನೆಯದು ಕುಂಟತೊಡಗಿತು.

"ಬಂದಿರಾ, ಮಹಾರಾಯರೇ? ಎಲ್ಲಿ ನಿಮ್ಮ ಯೋಗ್ಯತೆ?" ಎಂದು ಮೊದಲನೆಯ ಸಿಲಿಂಡರ್ ಕೇಳಿತು.

"ನೀವೂ ಅವರಂತೆಯೇ ಎಂದು ನನಗೇನು ಗೊತ್ತಿತ್ತು?" ಎಂದಿತು ಕಾಯಿಲ್. "ಇರಲಿ, ಎರಡನೆಯವರನ್ನು ವಿಚಾರಿಸುತ್ತೇನೆ."

ಅಷ್ಟರಲ್ಲಿ ಸಿರಿಲ್ ಹೊಸ ಕಾಯಿಲ್‌ನ ಪೊಟ್ಟಣ ಬಿಚ್ಚಿದ್ದ.