ಹೆಸರೊಂದನ್ನು ಉಳಿಸಿದ ಸಾಹೇಬರು

ಒಂದು ಪಟ್ಟಣದಲ್ಲಿ ನಂಜರಾಜು ಅಂತ ಒಬ್ಬರಿದ್ದರು. ದೊಡ್ಡ ಆಸ್ಪತ್ರೆಯಲ್ಲಿ ಕೆಲಸ. ಸೂಜಿ ಚುಚ್ಚುವವರಲ್ಲ, ಔಷಧಿ ಬರೆಯುವವರೂ ಅಲ್ಲ. ಅಲ್ಲಿರುವವರೆಲ್ಲ ನಿಯಮದಂತೆ ನಡೆಯುತ್ತಿದ್ದಾರೋ, ರೋಗಿಯ ಗುಟ್ಟು ಗುಟ್ಟಾಗಿಯೇ ಇದೆಯೋ ಅಂತ ನೋಡುವವರು.

ಇಂಥವರು ಆ ಪಟ್ಟಣದ ಪ್ರತಿ ಆಸ್ಪತ್ರೆಯಲ್ಲೂ ಒಬ್ಬೊಬ್ಬರಿದ್ದರು. ಎಲ್ಲ ಸೇರಿ ಒಂದು ಕೂಟ ಕಟ್ಟಿಕೊಂಡಿದ್ದರು. ತಿಂಗಳಿಗೊಮ್ಮೆ ಹೋಟೆಲಿನ ಮಹಡಿಯಲ್ಲಿ ಕೂರೋದು, ಬಿಸಿಬಿಸಿ ಮೆಣಸಿನಕಾಯಿ ಬಜ್ಜಿ ತಿನ್ನೋದು, ತಮ್ಮ ಆಸ್ಪತ್ರೆಯಲ್ಲಿ ಕಂಡದ್ದನ್ನು ಹೇಳಿ ಒಬ್ಬರಿಂದೊಬ್ಬರು ಕಲಿಯೋದು. ಒಳ್ಳೆಯ ಕೂಟವೇ. ಅದಕ್ಕೊಂದು ಕಟ್ಟಳೆ ಇತ್ತು. ರೋಗಿಯ ಹೆಸರು ಯಾರ ಬಾಯಲ್ಲೂ ಬರಬಾರದು. ಬಂದರೆ ಅವತ್ತಿನ ಬಜ್ಜಿ ಅವರೇ ಕೊಡಿಸಬೇಕು.

"ಈ ನಂಜರಾಜು ಇವತ್ತಿನವರೆಗೂ ಬಜ್ಜಿ ಕೊಡಿಸಿಲ್ಲ!" ಅಂತ ತಮ್ಮನ್ನೇ ಹೊಗಳಿಕೊಂಡು ಮೀಸೆ ತಿರುವೋರು.

ಹಳ್ಳಿಯಲ್ಲಿ ಬೆಳೆದ ನಮ್ಮಂಥವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಗೋಡೆಯಾಚೆ ಕೆಮ್ಮಿದರೆ ಯಾರ ಮನೆ ತಾತ ಅಂತ ಹೇಳ್ತೀವಿ. ಗೂಳಿಯ ಕೊಂಬು ಹೇಗಿದೆ ಅಂದರೆ ಸಾಕು, ಅದು ಯಾರ ಕೊಟ್ಟಿಗೆಯದು ಅಂತ ಹೇಳ್ತೀವಿ. ಹೆಸರು ಯಾರಿಗೆ ಬೇಕು? ಅಷ್ಟೆಲ್ಲ ಓದಿದ ಕೂಟದವರಿಗೆ ಮಾತ್ರ ಇದು ಹೊಳೆದಿರಲಿಲ್ಲ.

ಒಂದು ಸಲ ಕೂಟದ ಹಿರಿಯರಾದ ರೋಸಲಿನ್ ಮೇಡಂ, "ನಂಜರಾಜು, ಇವತ್ತು ನಿಮ್ಮ ಸರದಿ. ರೋಗಿಯ ಗುಟ್ಟು ಕಾಪಾಡೋದರ ಬಗ್ಗೆ ಏನಾದ್ರೂ ಹೇಳಿ" ಅಂದರು.

ನಂಜರಾಜು ಎದ್ದು ನಿಂತರು. "ಒಬ್ಬ ಹೆಂಗಸು. ಹೆಸರು ಬೇಡ. ಕೆರೆ ಏರಿ ಪಕ್ಕದ ಶಾಲೆಯಲ್ಲಿ ಬಿಸಿಯೂಟ ಮಾಡೋರು. ಎಡಗೈಯಲ್ಲೇ ಸೌಟು. ಕ್ಷಯ ಆಗಿತ್ತು. ತಂಗಿ ಮನೇಲಿದ್ದು ಔಷಧಿ ಪೂರ್ತಿ ಮುಗಿಸಿದರು. ಈಗ ವಾಸಿಯಾಗಿದೆ, ಕೆಲಸಕ್ಕೆ ಹೋಗಬಹುದು ಅಂತ ಡಾಕ್ಟರೇ ಹೇಳಿದ್ದಾರೆ. ನನ್ನ ಮಗಳೂ ಅಲ್ಲೇ ಊಟ ಮಾಡ್ತಾಳೆ, ನನಗೇನೂ ಭಯವಿಲ್ಲ. ಆದರೆ ನಮ್ಮ ನರ್ಸು ಒಬ್ಬಳು ಎಲ್ಲರೆದುರಿಗೆ 'ಟಿಬಿ ಅಮ್ಮ, ಒಳಗೆ ಬನ್ನಿ' ಅಂತ ಕೂಗಿಬಿಟ್ಟಳು ನೋಡಿ! ಅವಳಿಗೆ ಬೆವರಿಳಿಸಿದೆ. ಆ ಹೆಂಗಸಿಗೆ ಹೇಳಿದೆ, ಅಮ್ಮಾ, ನಾನಿರೋ ತನಕ ಈ ಗೋಡೆ ದಾಟಿ ಒಂದು ಮಾತೂ ಹೋಗಲ್ಲ."

ಜೋರು ಚಪ್ಪಾಳೆ ಬಿತ್ತು. ಕೂಟದವರೊಬ್ಬರು ಮನೆಗೆ ಹೋಗಿ ಹೆಂಡತಿಗೆ ಈ ಕಥೆ ಹೇಳಿದರು, ಹೆಸರು ಹೇಳದೆ. ಹೆಂಡತಿ ನಾದಿನಿಗೆ ಹೇಳಿದಳು, ಹೆಸರು ಹೇಳದೆ. ನಾದಿನಿ ನಲ್ಲಿ ಹತ್ತಿರ ಹೇಳಿದಳು.

ಕೆಲವು ದಿನ ಕಳೆಯಿತು. ಬೆಳಿಗ್ಗೆ ನಂಜರಾಜು ತಿಂಡಿಗೆ ಕೂತಿದ್ದರು. ಹೆಂಡತಿ ಭಾಗ್ಯ ಮಗಳ ಚೀಲಕ್ಕೆ ಊಟದ ಡಬ್ಬಿ ತುರುಕುತ್ತಿದ್ದಳು.

"ಇದೇನೇ ಡಬ್ಬಿ? ಶಾಲೇಲಿ ಊಟ ಇಲ್ವಾ?"

"ಇದೆ ರೀ. ಮಾಡೋಳಿಗೇ ಕ್ಷಯ ಅಂತೆ. ಸಾರಿನ ಪಾತ್ರೆಗೇ ಕೆಮ್ತಾಳಂತೆ. ಬೀದಿಯವರೆಲ್ಲ ಡಬ್ಬಿ ಕಳಿಸ್ತಿದಾರೆ."

"ಯಾರು ಹಾಗಂದಿದ್ದು? ಹೆಸರು ಹೇಳಿದ್ರಾ?"

"ಹೆಸರು ಯಾರೂ ಹೇಳ್ಲಿಲ್ಲಪ್ಪ. ಎಡಚಿ ಅಂದ್ರು. ಆ ಶಾಲೇಲಿ ಎಡಗೈಲಿ ಬಡಿಸೋಳು ಇನ್ಯಾರಿದಾರೆ?"

ಮಗಳು ಇಂಚರ ಮುಖ ಸಣ್ಣ ಮಾಡಿಕೊಂಡು ಅಂದಳು: "ಅಪ್ಪ, ದೇವೀರಮ್ಮಜ್ಜಿ ಈಗ ಬರೋದೇ ಇಲ್ಲ. ಹೆಡ್‌ಮಾಸ್ಟ್ರು ಬರಬೇಡ ಅಂದ್ರಂತೆ."

ನಂಜರಾಜು ಅರ್ಧ ತಿಂದ ಇಡ್ಲಿ ತಟ್ಟೆಯಲ್ಲೇ ಬಿಟ್ಟು ಎದ್ದರು.

ಅವರು ಸೀದಾ ದೇವೀರಮ್ಮನ ಮನೆಗೆ ಹೋದರು. ಆಕೆ ಬಾಗಿಲಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಇವರನ್ನು ಕಂಡದ್ದೇ ಎದ್ದು ಚಾಪೆ ಹಾಸಿದರು.

"ಬನ್ನಿ ಸಾಮಿ. ಜನ ಏನಂತಾರೆ ಗೊತ್ತಾ? ಆಸ್ಪತ್ರೆಯಿಂದ್ಲೇ ಸುದ್ದಿ ಬಂದೈತೆ ಅಂತಾರೆ. ನಾನು ಬಿಡ್ತೀನಾ? ಅಲ್ಲಿ ನಮ್ಮ ಸಾಹೇಬ್ರು ಅವ್ರೆ, ಒಂದು ಮಾತೂ ಆಚೆ ಬಿಡಾಕಿಲ್ಲ ಅಂತ ಜಗಳಕ್ಕೇ ನಿಂತೆ. ಇದು ನನ್ನ ತಂಗಿ ಕೆಲ್ಸ. ಆ ನರ್ಸಮ್ಮ ಕೂಗಿದಾಗ ಅಲ್ಲಿ ನನ್ನ ಗುರುತಿನೋರು ಯಾರೂ ಇರ್ಲಿಲ್ಲ, ಅವಳಿಗೆ ಬಿಟ್ರೆ ಇನ್ಯಾರಿಗೂ ಗೊತ್ತಿರ್ಲಿಲ್ಲ. ಅವಳ ಮನೆ ಮುಂದೆ ನಿಂತು ಬಾಯಿಗೆ ಬಂದಂಗೆ ಬೈದೆ. ನಿನ್ನ ಹೊಸ್ತಿಲು ತುಳಿಯಲ್ಲ ಅಂದೆ. ನಾನಲ್ಲ ಕಣಕ್ಕ, ನಾನಲ್ಲ ಕಣಕ್ಕ ಅಂತ ಅಳ್ತಾನೇ ಇದ್ಲು, ನಾಟಕ ಮಾಡ್ತಾಳೆ."

ನಂಜರಾಜು ತಲೆಯಾಡಿಸಿ ಎದ್ದು ಬರಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಗುಟ್ಟು ಮುಚ್ಚಿಡುವುದರಲ್ಲಿ ಪಳಗಿದವರು ತಾನೆ!

ಆದರೆ ಆ ತಂಗಿ ಅಳುತ್ತಿದ್ದಳು.

"ಅಮ್ಮಾ, ನಿಮ್ಮ ತಂಗಿ ಏನೂ ಹೇಳಿಲ್ಲ. ಹೇಳಿದ್ದು ನಾನು."

"ಏನಂದ್ರಿ?"

"ನಾವೆಲ್ಲ ಸೇರೋ ಕಡೆ ಹೇಳಿದೆ. ಹೆಸರು ಹೇಳಲಿಲ್ಲ."

"ಮತ್ತೇನು ಹೇಳಿದ್ರಿ?"

ನಂಜರಾಜು ನೆಲ ನೋಡಿದರು. "ಶಾಲೆ. ಅಡುಗೆ. ಎಡಗೈ. ತಂಗಿ ಮನೆ."

ದೇವೀರಮ್ಮ ತಮ್ಮ ಎಡಗೈಯನ್ನೇ ನೋಡಿಕೊಂಡರು. ಮೊರ ಕೆಳಗಿಟ್ಟರು.

"ಎಲ್ಲಾ ಹಂಚಿಬಿಟ್ಟು, ಹೆಸರೊಂದನ್ನ ನನಗೆ ಉಳಿಸಿದ್ರಾ ಸಾಮಿ?"

"ನಿಮ್ಮ ತಂಗಿಗೆ ನಾನೇ ಹೋಗಿ ಹೇಳ್ತೀನಿ. ಹೆಡ್‌ಮಾಸ್ಟರಿಗೂ..."

"ಬೇಡ. ನೀವಿನ್ನು ಎಲ್ಲೂ ಏನೂ ಹೇಳ್ಬೇಡಿ."

ಆಕೆ ಸೆರಗು ಹೊದ್ದು ತಂಗಿಯ ಮನೆ ಕಡೆ ಹೊರಟುಹೋದರು. ನಂಜರಾಜು ಬಾಗಿಲಲ್ಲಿ ಚಪ್ಪಲಿ ಹುಡುಕುತ್ತ ನಿಂತರು. ಚಪ್ಪಲಿ ಕಣ್ಣೆದುರಿಗೇ ಇತ್ತು.

ಮನೆಗೆ ಬಂದು, "ನಾಳೆಯಿಂದ ಡಬ್ಬಿ ಬೇಡ" ಅಂದರು. ಯಾಕೆ ಅಂತ ಭಾಗ್ಯ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ.

ಮುಂದಿನ ಕೂಟ ಬಂತು. ನಂಜರಾಜು ಎಲ್ಲರಿಗಿಂತ ಮೊದಲೇ ಬಂದು, ಒಬ್ಬೊಬ್ಬರ ಮುಂದೂ ಬಜ್ಜಿಯ ತಟ್ಟೆ ಇಟ್ಟರು.

"ಏನ್ ಸಾರ್, ಸೂರ್ಯ ಪಶ್ಚಿಮದಲ್ಲಿ ಹುಟ್ಟಿದನಾ? ಯಾರ ಹೆಸರು ಹೇಳಿಬಿಟ್ರಿ?" ಅಂತ ಒಬ್ಬರು ನಕ್ಕರು.

"ಹೆಸರು ಹೇಳಲಿಲ್ಲ. ಆದರೂ ನಾನು ಇಲ್ಲಿ ಆಡಿದ ಮಾತಿನಿಂದ ಒಬ್ಬರ ಬದುಕು ಬೀದಿಗೆ ಬಂತು. ನಾನೇ ಕಾರಣ."

ರೋಸಲಿನ್ ಮೇಡಂ ತಲೆ ತಗ್ಗಿಸಿದರು. ಅವತ್ತು ಚಪ್ಪಾಳೆ ಮೊದಲು ಹೊಡೆದದ್ದು ಅವರೇ.

ಕೊನೆಯಲ್ಲಿ ಕೂತಿದ್ದವರೊಬ್ಬರು ಮೆಲ್ಲಗೆ ಕೇಳಿದರು: "ಯಾರ ವಿಷಯ ಸಾರ್? ಆ ಅಡುಗೆಯವರದ್ದಾ? ಈಗ ಏನಾಗಿದೆ ಅವರಿಗೆ?"

ನಂಜರಾಜು ಬಾಯಿ ತೆರೆದರು. ಮುಚ್ಚಿದರು. ಕೂತುಕೊಂಡರು.

ಬಜ್ಜಿಯನ್ನು ಯಾರೂ ಮುಟ್ಟಲಿಲ್ಲ.

ನೀತಿ: ಇನ್ನೊಬ್ಬರ ನೋವನ್ನು ನಮ್ಮ ಹಿರಿಮೆಯ ಕಥೆ ಮಾಡಿಕೊಳ್ಳಬಾರದು. ಹೆಸರೊಂದನ್ನು ಮುಚ್ಚಿಟ್ಟು ಉಳಿದದ್ದೆಲ್ಲ ಬಿಚ್ಚಿಟ್ಟರೆ, ನಮಗೆ ಸಿಗೋದು ಚಪ್ಪಾಳೆ, ಹೋಗೋದು ಅವರ ಮಾನ.